99.9 ಮತ್ತು 53: ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆ ಜನರ ಮನಸ್ಸನ್ನು ಅಳೆಯುವುದು ಹೇಗೆ?

ಧಾರವಾಡದ ಮೇಷ್ಟ್ರು

2023ರ ಏಪ್ರಿಲ್ ತಿಂಗಳಲ್ಲಿ, ಸಲಿಂಗ ವಿವಾಹದ ಅರ್ಜಿಗಳು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದಿದ್ದಾಗ, ಭಾರತೀಯ ವಕೀಲರ ಪರಿಷತ್ತು ಒಂದು ನಿರ್ಣಯ ಹೊರಡಿಸಿ, ದೇಶದ ಶೇ 99.9ಕ್ಕೂ ಹೆಚ್ಚು ಜನ ಇಂಥ ವಿವಾಹವನ್ನು ವಿರೋಧಿಸುತ್ತಾರೆ ಎಂದಿತು. ಅದೇ ವರ್ಷ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇ 53ರಷ್ಟು ಜನ ಅದಕ್ಕೆ ಕಾನೂನಿನ ಮಾನ್ಯತೆ ಇರಲಿ ಎಂದಿದ್ದರು, ಶೇ 43ರಷ್ಟು ಜನ ಬೇಡ ಎಂದಿದ್ದರು. ಒಂದೇ ದೇಶ, ಒಂದೇ ವರ್ಷ. ಸಮಾಜ ಸಲಿಂಗಕಾಮವನ್ನು ಒಪ್ಪಿಕೊಳ್ಳಬೇಕೇ ಬೇಡವೇ ಎಂದು ಇದೇ ಪ್ಯೂ ಕೇಂದ್ರದವರು ಹಿಂದೆ ಕೇಳಿದ್ದಾಗ, ಒಪ್ಪಿಕೊಳ್ಳಬೇಕು ಎಂದವರು 2014ರಲ್ಲಿ ಶೇ 15, 2019ರಲ್ಲಿ ಶೇ 37.

ನನ್ನ ಮಾರ್ಗದರ್ಶನದಲ್ಲಿ ಕಿರುಪ್ರಬಂಧ ಬರೆಯುತ್ತಿರುವ ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಹುಬ್ಬಳ್ಳಿ-ಧಾರವಾಡದಲ್ಲೂ ಸುತ್ತಲಿನ ಕೆಲವು ಹಳ್ಳಿಗಳಲ್ಲೂ ಈ ವಿಷಯವಾಗಿ ಸಮೀಕ್ಷೆ ನಡೆಸಲಿದ್ದಾಳೆ. ಅವಳ ಪ್ರಶ್ನಾವಳಿಯ ಮೊದಲ ಪ್ರಶ್ನೆ, "ಲೈಂಗಿಕ ಅಲ್ಪಸಂಖ್ಯಾತರನ್ನು ನೀವು ಒಪ್ಪುತ್ತೀರಾ?" ಎಂದಿದೆ. ಹೌದು, ಇಲ್ಲ ಎಂಬ ಎರಡೇ ಚೌಕಗಳಿವೆ. ಆ ಚೌಕಗಳಲ್ಲಿ ಬೀಳುವ ಗುರುತು ತಿಳಿವಳಿಕೆಯ ಅಳತೆಯೋ, ಸಹಾನುಭೂತಿಯ ಅಳತೆಯೋ, ಕೇಳಲು ಬಂದ ಹುಡುಗಿಯ ಮುಂದೆ ಸಭ್ಯರಾಗಿ ಕಾಣಬೇಕೆಂಬ ಆಸೆಯ ಅಳತೆಯೋ ಎಂದು ಕೇಳಿದರೆ ಅವಳಲ್ಲೂ ಉತ್ತರವಿಲ್ಲ, ನನ್ನಲ್ಲೂ ಇಲ್ಲ. ಸಮೀಕ್ಷೆ ಮಾಡಿ ಬಲ್ಲವರು, ಸಮೀಕ್ಷೆಗೆ ಒಳಗಾಗಿ ಬಲ್ಲವರು ದಯವಿಟ್ಟು ಹೇಳಿ: ಏನನ್ನು ಕೇಳಬೇಕು, ಯಾರ ಮುಂದೆ ಕೇಳಬೇಕು, ಎಲ್ಲರನ್ನೂ ಒಂದೇ ಹೆಸರಿನಡಿ ಸೇರಿಸಿ ಕೇಳುವುದು ಸರಿಯೇ?

ಅಂಕಿಗಾರ

ಮೇಷ್ಟ್ರೇ, ಮೊದಲು ಆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಕೂರಿಸುವುದನ್ನು ಬಿಡೋಣ. 99.9ಕ್ಕೆ ಮಾದರಿ, ಅಂದರೆ ಸಮೀಕ್ಷೆಗೆಂದು ಆರಿಸಿದ ಜನರ ಗುಂಪು, ಇಲ್ಲ, ಪ್ರಶ್ನೆ ಇಲ್ಲ, ಕೇಳಿದವರೂ ಇಲ್ಲ, ಉತ್ತರಿಸಿದವರೂ ಇಲ್ಲ. ಯಾವುದೇ ಸಮೀಕ್ಷೆಯಲ್ಲಿ ಪ್ರಶ್ನೆಯೇ ಅರ್ಥವಾಗದೆ ತಪ್ಪು ಚೌಕಕ್ಕೆ ಗುರುತು ಹಾಕಿಸುವವರು ಸಾವಿರಕ್ಕೆ ಒಬ್ಬರಿಗಿಂತ ಹೆಚ್ಚೇ ಇರುತ್ತಾರೆ. ಹಾಗಾಗಿ ನಿಜವಾಗಿ ಸಮೀಕ್ಷೆ ಮಾಡಿದವರ ಕೈಗೆ 99.9 ಸಿಗುವುದೇ ಇಲ್ಲ.

ಇನ್ನು 53ರ ವಿಚಾರ. ಸುಮಾರು ಎರಡೂವರೆ ಸಾವಿರ ಜನರನ್ನು ಮುಖಾಮುಖಿಯಾಗಿ ಕೇಳಿ ಪಡೆದ ಸಂಖ್ಯೆ ಅದು. ಲಾಟರಿಯಂತೆ ಚೀಟಿ ಎತ್ತಿ ಆರಿಸಿದ ಮಾದರಿಯಾದರೆ ಎರಡು ಶೇಕಡಾ ಅಂಶ ಆಚೀಚೆ ಇರಬಹುದು, ಊರುಗಳನ್ನು ಗುಂಪುಗುಂಪಾಗಿ ಆರಿಸಿದಾಗ ಅದಕ್ಕಿಂತ ಸ್ವಲ್ಪ ಹೆಚ್ಚು. ದೇಶದ ಮಟ್ಟಿಗೆ ಇದು ಸಾಕು. ಆದರೆ ದೇಶದ ಜನಸಂಖ್ಯೆಯಲ್ಲಿ ಕರ್ನಾಟಕದ ಪಾಲು ಸುಮಾರು ಶೇ 5, ಆ ಲೆಕ್ಕದಲ್ಲಿ ನಮ್ಮ ಪಾಲಿಗೆ ಬರುವವರು ನೂರ ಮೂವತ್ತು ಜನ, ಅಷ್ಟು ಜನರ ಉತ್ತರದಲ್ಲಿ ಎಂಟೊಂಬತ್ತು ಅಂಶಗಳ ಏರುಪೇರು ಸಹಜ. ಕನ್ನಡಿಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪರವಾಗಿದ್ದಾರೆ ಎಂದಾಗಲಿ, ವಿರೋಧವಾಗಿದ್ದಾರೆ ಎಂದಾಗಲಿ ಇದನ್ನಿಟ್ಟುಕೊಂಡು ಯಾರಾದರೂ ಬರೆದರೆ ನಂಬಬೇಡಿ.

ಇನ್ನೊಂದು ಮಾತು. 15, 37, 53 ಎಂದು ಮೂರು ಚುಕ್ಕೆ ಇಟ್ಟು ಗೆರೆ ಎಳೆಯಬೇಡಿ. ಮೊದಲೆರಡು ಒಂದೇ ಪ್ರಶ್ನೆಯ ಉತ್ತರಗಳು, ಮೂರನೆಯದು ಬೇರೆ ಪ್ರಶ್ನೆಯದು. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಸಲಿಂಗ ವಿವಾಹದ ಬಗ್ಗೆ ಮತ್ತೆ ಮತ್ತೆ ಕೇಳುತ್ತಾ ಬಂದದ್ದರಿಂದಲೇ 1996ರಲ್ಲಿ ಶೇ 27 ಇದ್ದ ಬೆಂಬಲ 2023ರಲ್ಲಿ ಶೇ 71 ಆಯಿತು ಎಂದು ಧೈರ್ಯವಾಗಿ ಹೇಳಲು ಸಾಧ್ಯ. ನಮ್ಮಲ್ಲಿ ಪ್ರತಿಯೊಬ್ಬರೂ ಹೊಸ ಅಳತೆಗೋಲು ಮಾಡಿಕೊಂಡು ಬರುತ್ತಾರೆ, ಒಮ್ಮೆ ಅಳೆದು ಬಿಸಾಡುತ್ತಾರೆ.

ಹೇಮಾವತಿ ತೀರದವ

ಅಂಕಿಗಾರರ ಲೆಕ್ಕಾಚಾರಕ್ಕೆ ನಮಸ್ಕಾರ. ಆದರೆ ನಮ್ಮ ತಾಲ್ಲೂಕಿನಲ್ಲಿ ನೂರಕ್ಕೆ ಐವತ್ತಮೂರು ಜನ ಸಲಿಂಗ ವಿವಾಹಕ್ಕೆ ಒಪ್ಪುತ್ತಾರೆ ಎಂದರೆ ನಮ್ಮೂರ ಕ್ಷೌರದಂಗಡಿಯಲ್ಲಿ ಕೂತವರೆಲ್ಲ ನಕ್ಕುಬಿಡುತ್ತಾರೆ. ನಾನು ಬಲ್ಲವರಲ್ಲಿ ಐವರು ಒಪ್ಪಿದರೆ ಹೆಚ್ಚು. ಪರಿಷತ್ತು ಹೇಳಿದ್ದು ಉತ್ಪ್ರೇಕ್ಷೆಯೇ ಇರಬಹುದು, ಪ್ಯೂ ಹೇಳಿದ್ದು ಉತ್ಪ್ರೇಕ್ಷೆಯಲ್ಲ ಎಂದು ನಂಬುವುದಾದರೂ ಹೇಗೆ?

ಕಪ್ಪು ಕೋಟು

ಕ್ಷೌರದಂಗಡಿಯಲ್ಲಿ ಹೆಂಗಸರು ಕೂರುವುದಿಲ್ಲ, ಸ್ವಾಮಿ. ನಿಮ್ಮ ಮಾದರಿಯಲ್ಲಿ ಅರ್ಧ ತಾಲ್ಲೂಕು ಅಲ್ಲಿಗೇ ಹೋಯಿತು.

ಗಣತಿ ಅಕ್ಕ

ನಾನು ಹಲವು ವರ್ಷಗಳಿಂದ ಬೇರೆ ಬೇರೆ ಸಂಸ್ಥೆಗಳ ಸಮೀಕ್ಷೆಗಳಿಗೆ ಮನೆ ಮನೆ ತಿರುಗಿ ಮಾಹಿತಿ ಸಂಗ್ರಹಿಸುವ ಕೆಲಸ ಮಾಡಿಕೊಂಡು ಬಂದವಳು. ಸಂಖ್ಯೆ ಹುಟ್ಟುವ ಜಾಗ ಹೇಗಿರುತ್ತದೆ ಎಂದು ಹೇಳುತ್ತೇನೆ, ಆಮೇಲೆ ಜಗಳವಾಡಿ.

ಮನೆಯ ಸೊಸೆಯ ಹೆಸರು ನಮ್ಮ ಪಟ್ಟಿಯಲ್ಲಿ ಬಂದಿರುತ್ತದೆ. ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸುತ್ತಾರೆ. ಅತ್ತೆ ಮೊರದಲ್ಲಿ ಬೆಳ್ಳುಳ್ಳಿ ಹಾಕಿಕೊಂಡು ಸುಲಿಯುತ್ತಾ ಅಲ್ಲಿಯೇ ಕೂರುತ್ತಾರೆ, ಏಳಿ ಎನ್ನುವ ಹಾಗಿಲ್ಲ. ನೀರು, ಶೌಚಾಲಯ, ಪಡಿತರದ ಪ್ರಶ್ನೆಗಳಿಗೆ ಇಬ್ಬರೂ ಸೇರಿ ಉತ್ತರ ಹೇಳುತ್ತಾರೆ. ಈ ಪ್ರಶ್ನೆ ಬಂದಾಗ ಸೊಸೆ ನನ್ನನ್ನು ನೋಡುವುದಿಲ್ಲ, ಅತ್ತೆಯ ಕೈಯನ್ನು ನೋಡುತ್ತಾಳೆ. ಬೆಳ್ಳುಳ್ಳಿ ಸುಲಿಯುವ ಕೈ ಒಂದು ಕ್ಷಣ ನಿಂತಿತೆಂದರೆ ಸೊಸೆಯ ಉತ್ತರ "ಅದೆಲ್ಲಾ ನಮಗ ಗೊತ್ತಿಲ್ಲರಿ, ಗೊತ್ತಿಲ್ಲ ಅಂತ ಬರಕೋರಿ". ಅದೇ ಹುಡುಗಿ ನಾನು ಹೊರಡುವಾಗ ಕಟ್ಟೆಯವರೆಗೆ ಬಂದು, ತನ್ನ ತವರಿನ ಓಣಿಯಲ್ಲಿ ಒಬ್ಬ ಹುಡುಗ ಹೀಗೆ ಇದ್ದ, ಮನೆಯವರು ಹೊಡೆದು ಓಡಿಸಿದರು, ಅದು ಸರಿಯಲ್ಲ ಎಂದು ತಾನಾಗಿ ಹೇಳಿರುತ್ತಾಳೆ. ಆದರೆ ಅಷ್ಟು ಹೊತ್ತಿಗೆ ಟ್ಯಾಬ್ ಮುಚ್ಚಿ, ಉತ್ತರ ಕೇಂದ್ರ ಕಚೇರಿಗೆ ಹೋಗಿಬಿಟ್ಟಿರುತ್ತದೆ.

ಗಂಡಸರದು ಇನ್ನೊಂದು ಕಥೆ. ನಾಲ್ಕು ಜನ ಜೊತೆಗಿದ್ದರೆ ನಗುತ್ತಾರೆ, ಆ ನಗುವಿಗೆ ಪ್ರಶ್ನಾವಳಿಯಲ್ಲಿ ಕೋಡ್ ಇರುವುದಿಲ್ಲ. ಅನುಭವವಿಲ್ಲದ ಹುಡುಗರು ಅದನ್ನು ವಿರೋಧ ಎಂದು ತುಂಬಿಬಿಡುತ್ತಾರೆ. ನಕ್ಕವನು ಒಬ್ಬನೇ ಸಿಕ್ಕಾಗ ಬೇರೆಯೇ ಮಾತಾಡಿದ್ದನ್ನು ನಾನು ಕಂಡಿದ್ದೇನೆ, ಇನ್ನೂ ಕೆಟ್ಟದಾಗಿ ಮಾತಾಡಿದ್ದನ್ನೂ ಕಂಡಿದ್ದೇನೆ.

ಮೇಷ್ಟ್ರೇ, ನಿಮ್ಮ ವಿದ್ಯಾರ್ಥಿನಿಗೆ "ಗೊತ್ತಿಲ್ಲ", "ಹೇಳಲು ಇಷ್ಟವಿಲ್ಲ", "ಯಾವತ್ತೂ ಯೋಚಿಸಿಲ್ಲ" ಎಂಬ ಮೂರನ್ನೂ ಬೇರೆ ಬೇರೆ ಚೌಕಗಳಲ್ಲಿ ಇಡಲು ಹೇಳಿ. ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದನ್ನು ಪ್ರತಿ ಸಂದರ್ಶನದ ಕೊನೆಯಲ್ಲಿ ಬರೆದುಕೊಳ್ಳಲಿ. ವಿಶ್ಲೇಷಣೆ ಮಾಡುವಾಗ ಓದು, ವಯಸ್ಸು, ಜಾತಿಗಳಷ್ಟೇ ಆ ಒಂದು ಕಾಲಂ ಕೂಡ ಮಾತಾಡುತ್ತದೆ.

ಅಂಕಿಗಾರ

ಅಕ್ಕನವರು ಹೇಳಿದ ಮೂರು ಚೌಕಗಳನ್ನು ಚಿನ್ನದ ನೀರಿನಲ್ಲಿ ಬರೆದಿಡಬೇಕು. ಉತ್ತರಿಸದವರನ್ನು ತೆಗೆದುಹಾಕಿ ಉಳಿದವರನ್ನೇ ನೂರು ಎಂದು ಲೆಕ್ಕ ಹಾಕುವ ವರದಿಗಳನ್ನು ನಾನು ಕಂಡಿದ್ದೇನೆ. ಮೂವತ್ತು ಜನ ಒಪ್ಪಿ, ಮೂವತ್ತು ಜನ ಒಪ್ಪದೆ, ನಲವತ್ತು ಜನ ಬಾಯಿ ಬಿಡದಿದ್ದರೆ "ಸಮಾಜ ಸರಿಯಾಗಿ ಎರಡು ಹೋಳಾಗಿದೆ" ಎಂದು ಶೀರ್ಷಿಕೆ ಬರುತ್ತದೆ. ಅಲ್ಲಿನ ದೊಡ್ಡ ಸುದ್ದಿ ಆ ನಲವತ್ತು.

ಸವದತ್ತಿ ಸೀಮೆ

ಮೇಷ್ಟ್ರ ಕೊನೆಯ ಪ್ರಶ್ನೆಗೆ, ಅಂದರೆ ಎಲ್ಲರನ್ನೂ ಒಂದೇ ಹೆಸರಿನಡಿ ಕೇಳಬಹುದೇ ಎಂಬುದಕ್ಕೆ, ನನ್ನ ಉತ್ತರ ಸ್ಪಷ್ಟವಾಗಿ ಬೇಡ ಎಂದೇ. ನಮ್ಮ ಕಡೆ ಮಂಗಳವಾರ, ಶುಕ್ರವಾರ, ಎಲ್ಲಮ್ಮನ ಸೇವೆಗೆ ಮುಡಿಪಾದ, ಗಂಡಾಗಿ ಹುಟ್ಟಿ ಹೆಣ್ಣುಡುಗೆ ತೊಡುವ ಜೋಗಪ್ಪನವರು ತಲೆಯ ಮೇಲೆ ಎಲ್ಲಮ್ಮನ ಕೊಡ ಹೊತ್ತು, ಚೌಡಿಕೆ ಬಾರಿಸುತ್ತಾ ಬಾಗಿಲಿಗೆ ಬಂದರೆ ಮನೆಯ ಹಿರಿಯ ಹೆಂಗಸೇ ಮೊರದ ತುಂಬ ಜೋಳ ತಂದು ಹಾಕಿ, ಭಂಡಾರ ಹಚ್ಚಿಸಿಕೊಂಡು, ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಎಲ್ಲಮ್ಮನ ನೈವೇದ್ಯದ ಪಡ್ಡಲಗಿ ತುಂಬಿಸುವ ದಿನ ಅವರಿಲ್ಲದೆ ನಡೆಯುವುದಿಲ್ಲ. ಲೈಂಗಿಕ ಅಲ್ಪಸಂಖ್ಯಾತರನ್ನು ಒಪ್ಪುತ್ತೀರಾ ಎಂದು ನೀವು ಅವಳನ್ನು ಕೇಳಿದರೆ ಅದಕ್ಕೂ ಬಾಗಿಲಿಗೆ ಬಂದವರಿಗೂ ಸಂಬಂಧವಿದೆ ಎಂಬುದೇ ಹೊಳೆಯುವುದಿಲ್ಲ. ಅದೇ ಮನೆಯ ಹಿಂದಿನ ಖೋಲಿ ಖಾಲಿ ಇದೆ, ಜೋಗಪ್ಪನಿಗೆ ಬಾಡಿಗೆಗೆ ಕೊಡುತ್ತೀರಾ ಎಂದು ಕೇಳಿ ನೋಡಿ. "ದೇವರ ಮಂದಿ, ಅವರನ್ನ ಮನ್ಯಾಗ ಹ್ಯಾಂಗ ಇಟ್ಕೊಳ್ಳೋದು" ಎಂಬ ಬಹಳ ಗೌರವದ ನಿರಾಕರಣೆ ಬರುತ್ತದೆ. ಇನ್ನು ಅವಳ ಮಗ ಇಂಜಿನಿಯರಿಂಗ್ ಓದಿ, ಪುಣೆಯಲ್ಲಿ ಕೆಲಸಕ್ಕಿದ್ದು, ತನಗೆ ಹುಡುಗರೇ ಇಷ್ಟ ಎಂದರೆ? ಅದು ಅವಳಿಗೆ ಮೂರನೆಯದೇ ಒಂದು ವಿಷಯ. ಈ ಮೂರನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವ ಸಂಖ್ಯೆ ಯಾವ ಮನುಷ್ಯನ ಮನಸ್ಸಿನಲ್ಲೂ ಇರುವುದಿಲ್ಲ.

ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರನ್ನು ಟಿವಿಯಲ್ಲಿ ಕಂಡು ಕಣ್ಣೊರೆಸಿಕೊಂಡ ಮನೆಗಳೇ ಮೇಲೆ ಹೇಳಿದ ಮನೆಗಳು.

ಅಂಕಿಗಾರ

ಇದಕ್ಕೆ ಹಳೆಯ ಉಪಕರಣವೊಂದು ಸಿದ್ಧವಿದೆ. ಎಮರಿ ಬೊಗಾರ್ಡಸ್ ಎಂಬ ಸಮಾಜಶಾಸ್ತ್ರಜ್ಞ 1920ರ ದಶಕದಲ್ಲಿ ಅಮೆರಿಕದ ವಲಸಿಗರ ಬಗೆಗಿನ ಧೋರಣೆಯನ್ನು ಅಳೆಯಲು "ಸಾಮಾಜಿಕ ದೂರ"ದ ಮೆಟ್ಟಿಲುಗಳನ್ನು ಮಾಡಿದ್ದ. ಒಪ್ಪುತ್ತೀರಾ ಎಂದು ಕೇಳುವ ಬದಲು, ನಿಮ್ಮ ದೇಶದಲ್ಲಿ ಇರಬಹುದೇ, ನಿಮ್ಮ ಬೀದಿಯಲ್ಲಿ ಇರಬಹುದೇ, ನಿಮ್ಮ ಮನೆಗೆ ಸಂಬಂಧ ಬೆಳೆಸಬಹುದೇ ಎಂದು ಒಂದೊಂದೇ ಮೆಟ್ಟಿಲು ಹತ್ತಿರ ತರುವುದು. ವಿಶ್ವ ಮೌಲ್ಯ ಸಮೀಕ್ಷೆಯಲ್ಲಿ ಇಂದಿಗೂ "ಇವರಲ್ಲಿ ಯಾರು ನಿಮ್ಮ ನೆರೆಮನೆಯವರಾಗಿ ಬೇಡ" ಎಂಬ ಪಟ್ಟಿ ಇರುತ್ತದೆ, ಆ ಪಟ್ಟಿಯಲ್ಲಿ ಕುಡುಕರ ಜೊತೆಗೆ ಸಲಿಂಗಿಗಳೂ ಇರುತ್ತಾರೆ. ನಮ್ಮ ಮೆಟ್ಟಿಲುಗಳನ್ನು ನಾವೇ ಕಟ್ಟಿಕೊಳ್ಳಬೇಕು: ಬಸ್ಸಿನಲ್ಲಿ ಪಕ್ಕದ ಸೀಟು, ಅಂಗಡಿಯಲ್ಲಿ ಕೆಲಸ, ಶಾಲೆಯಲ್ಲಿ ಮಕ್ಕಳಿಗೆ ಟೀಚರು, ಬಾಡಿಗೆ ಮನೆ, ಅಡುಗೆಮನೆಯೊಳಗೆ ಪ್ರವೇಶ, ಸ್ವಂತ ಮಗ ಅಥವಾ ಮಗಳು. ಜೋಗಪ್ಪ, ಟ್ರಾನ್ಸ್‌ಜೆಂಡರ್ ಮಹಿಳೆ, ಟ್ರಾನ್ಸ್‌ಜೆಂಡರ್ ಪುರುಷ, ಸಲಿಂಗಿ ಗಂಡು, ಸಲಿಂಗಿ ಹೆಣ್ಣು, ಹೀಗೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಕೇಳಿದರೆ ಎಲ್ಲಿ ಮೆಟ್ಟಿಲು ಮುರಿಯುತ್ತದೆ ಎಂದು ಕಾಣುತ್ತದೆ.

ಹೇಮಾವತಿ ತೀರದವ

ಐದು ಬಗೆಯ ಜನ, ಆರು ಮೆಟ್ಟಿಲು, ಒಟ್ಟು ಮೂವತ್ತು ಪ್ರಶ್ನೆ. ಹಾಲು ಕರೆಯುವ ಹೊತ್ತಿಗೆ ಹೋದರೆ ಮೂರನೆಯ ಪ್ರಶ್ನೆಗೇ ಎದ್ದು ಹೋಗುತ್ತಾರೆ.

ಗಣತಿ ಅಕ್ಕ

ಇದು ಮಾತ್ರ ನಿಜ. ಒಬ್ಬರಿಗೆ ಎರಡು ಬಗೆಯವರ ಬಗ್ಗೆ ಮಾತ್ರ ಕೇಳುವಂತೆ ಹಂಚಿಕೊಳ್ಳಬೇಕು, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ಮೊದಲೇ ನಿರ್ಧರಿಸಿರಬೇಕು.

ಮೈಸೂರಿನ ಮನೋವೈದ್ಯೆ

ಇಷ್ಟು ಹೊತ್ತು ಎಲ್ಲರೂ ಧೋರಣೆಯನ್ನೇ ಹಿಡಿದು ಮಾತಾಡಿದ್ದೀರಿ, ತಿಳಿವಳಿಕೆಯನ್ನು ಅಳೆಯುವುದು ಅದಕ್ಕಿಂತ ಸುಲಭ ಎಂದುಕೊಂಡಂತಿದೆ. ಅದು ಸುಲಭವಲ್ಲ. ತಿಳಿವಳಿಕೆಯ ಪ್ರಶ್ನೆಗೆ ಸರಿ ಉತ್ತರ ಒಂದೇ ಇರಬೇಕು, ಅದನ್ನು ದಾಖಲೆ ತೋರಿಸಿ ಸಾಬೀತುಪಡಿಸುವಂತಿರಬೇಕು. ಉದಾಹರಣೆಗೆ, ಸಲಿಂಗ ಆಕರ್ಷಣೆ ಒಂದು ಮಾನಸಿಕ ಕಾಯಿಲೆಯೇ? ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಿತು, ವಿಶ್ವ ಆರೋಗ್ಯ ಸಂಸ್ಥೆಯ ಸಭೆ 1990ರ ಮೇ 17ರಂದು ತೆಗೆಯಿತು, ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಬಹಿರಂಗವಾಗಿ ಹೇಳಿತು. ಹಾಗಾದರೆ ಔಷಧಿಯಿಂದಲೋ ಮದುವೆ ಮಾಡಿಸುವುದರಿಂದಲೋ ಇದನ್ನು ಬದಲಿಸಬಹುದೇ? ಬದಲಿಸುತ್ತೇವೆಂದು ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ಮದ್ರಾಸ್ ಹೈಕೋರ್ಟಿನ ಆದೇಶದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಇವು ಪ್ರಶ್ನಾವಳಿಗೆ ತಕ್ಕ ಪ್ರಶ್ನೆಗಳು. "ಸಲಿಂಗಕಾಮ ಪ್ರಕೃತಿಗೆ ವಿರುದ್ಧವೇ?" ಎಂಬುದು ತಿಳಿವಳಿಕೆಯ ಪ್ರಶ್ನೆಯಲ್ಲ, ತಿಳಿವಳಿಕೆಯ ವೇಷ ಹಾಕಿಕೊಂಡ ಧೋರಣೆಯ ಪ್ರಶ್ನೆ. ನಾನು ನೋಡಿದ ಹಲವು ಪ್ರಶ್ನಾವಳಿಗಳಲ್ಲಿ ಇಂಥವು ತಿಳಿವಳಿಕೆಯ ಭಾಗದಲ್ಲೇ ಕೂತಿರುತ್ತವೆ, ಆಮೇಲೆ ತಿಳಿವಳಿಕೆಗೂ ಧೋರಣೆಗೂ ಗಾಢ ಸಂಬಂಧವಿದೆ ಎಂದು ಫಲಿತಾಂಶ ಬರುತ್ತದೆ. ಒಂದೇ ವಸ್ತುವನ್ನು ಎರಡು ಸಲ ಅಳೆದರೆ ಸಂಬಂಧ ಇರದೆ ಇನ್ನೇನು?

ಮತ್ತೊಂದು ಎಚ್ಚರಿಕೆ. ಹತ್ತಕ್ಕೆ ಹತ್ತು ಅಂಕ ಪಡೆದವರು ಮನೆಯಲ್ಲಿ ಹೇಗಿರುತ್ತಾರೆ ಎಂಬುದಕ್ಕೆ ಆ ಅಂಕ ಖಾತರಿಯಲ್ಲ. ಮೇಲಿನದೆಲ್ಲವನ್ನೂ ಬಾಯಿಪಾಠ ಒಪ್ಪಿಸಬಲ್ಲ ಸಹೋದ್ಯೋಗಿಯೊಬ್ಬರು, ರೋಗಿಯೊಬ್ಬ ಹೊರಗೆ ಹೋದ ಮೇಲೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಕಪ್ಪು ಕೋಟು

ಕಾನೂನಿನ ತಿಳಿವಳಿಕೆಯಲ್ಲಿ ತಪ್ಪು ಎರಡೂ ಕಡೆಗೆ ವಾಲುತ್ತದೆ ಎಂಬುದನ್ನು ಗಮನಿಸಿ. ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಅಂದಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ಹೊರಗಿಟ್ಟಿತು, ಅಷ್ಟೇ. ಇಂದಿಗೂ ಅದು ಅಪರಾಧವೇ ಎಂದುಕೊಂಡ ಪೊಲೀಸರನ್ನು ನಾನು ಕಂಡಿದ್ದೇನೆ, ಆ ತೀರ್ಪಿನಿಂದ ಮದುವೆಯೂ ಸಿಂಧುವಾಯಿತು ಎಂದುಕೊಂಡ ಜೋಡಿಗಳನ್ನೂ ಕಂಡಿದ್ದೇನೆ. ಮದುವೆಯ ಹಕ್ಕನ್ನು ಕೊಡಲಾಗದು ಎಂದು 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಹೇಳಿತು. ನಮ್ಮ ರಾಜ್ಯದ್ದೇ ಒಂದು ಪ್ರಶ್ನೆ ಸೇರಿಸಿ: ಸರ್ಕಾರಿ ನೇಮಕಾತಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ಮೀಸಲಾತಿ ಇದೆಯೇ? 2021ರಿಂದ ಶೇ 1ರಷ್ಟು ಇದೆ, ಅದನ್ನು ಮೊದಲು ತಂದ ರಾಜ್ಯವೇ ನಮ್ಮದು, ಅದು ನಮ್ಮವರಿಗೇ ಗೊತ್ತಿಲ್ಲ.

ಹೇಮಾವತಿ ತೀರದವ

ಒಂದು ಮೂಲಭೂತ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಹಕ್ಕು ಎಂಬುದು ಜನರ ವೋಟಿನಿಂದ ಬರುವುದಲ್ಲ ಎಂದು ನೀವೇ ಹೇಳುತ್ತೀರಿ. ಹಾಗಿದ್ದ ಮೇಲೆ ಜನ ಒಪ್ಪುತ್ತಾರೋ ಬಿಡುತ್ತಾರೋ ಎಂದು ಅಳೆದು ಏನಾಗಬೇಕು? ಅನುಕೂಲವಾದ ಸಂಖ್ಯೆ ಬಂದರೆ ಮೆರೆಸುವುದು, ಬಾರದಿದ್ದರೆ ಹಕ್ಕು ವೋಟಿನ ವಿಷಯವಲ್ಲ ಎನ್ನುವುದು. ಇದು ಎರಡು ನಾಲಿಗೆಯ ಮಾತಲ್ಲವೇ?

ಕಪ್ಪು ಕೋಟು

ಒಳ್ಳೆಯ ಪ್ರಶ್ನೆ, ಮತ್ತು ಇತಿಹಾಸ ನಿಮ್ಮ ಸಂಶಯವನ್ನು ಅರ್ಧ ಎತ್ತಿಹಿಡಿಯುತ್ತದೆ. 2012ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದೇಶದಲ್ಲಿ 25 ಲಕ್ಷ ಸಲಿಂಗಿ ಪುರುಷರಿದ್ದಾರೆ ಎಂಬ ಅಂದಾಜನ್ನು ಸುಪ್ರೀಂ ಕೋರ್ಟಿಗೆ ಕೊಟ್ಟಿತು. ಅದು ಎಚ್‌ಐವಿ ತಡೆ ಕಾರ್ಯಕ್ರಮಕ್ಕಾಗಿ ಮಾಡಿದ ಲೆಕ್ಕ, ಜನಗಣತಿಯಲ್ಲ. 2013ರ ಡಿಸೆಂಬರ್ 11ರ ತೀರ್ಪು ಇವರನ್ನು ಜನಸಂಖ್ಯೆಯ ಅತ್ಯಲ್ಪ ಭಾಗ ಎಂದು ಕರೆದು, 377ನೇ ಕಲಮನ್ನು ಉಳಿಸಿಕೊಂಡಿತು. ಅಂದರೆ ಎಣಿಕೆಯೇ ಅವರ ವಿರುದ್ಧ ತಿರುಗಿತು. 2018ರ ತೀರ್ಪು ಆ ತರ್ಕವನ್ನು ತಿರಸ್ಕರಿಸಿ, ಬಹುಸಂಖ್ಯಾತರ ನೈತಿಕತೆಯಲ್ಲ, ಸಂವಿಧಾನದ ನೈತಿಕತೆ ಮುಖ್ಯ ಎಂದಿತು.

ಆದರೆ ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿ. 2023ರ ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಇದು ನಗರದ ಗಣ್ಯರ ಬೇಡಿಕೆ ಎಂದು ವಾದಿಸಿದಾಗ, ಹಾಗೆನ್ನಲು ಸರ್ಕಾರದ ಬಳಿ ಅಂಕಿಅಂಶವೇ ಇಲ್ಲವಲ್ಲ ಎಂದು ಅಂದಿನ ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಹೇಳಬೇಕಾಯಿತು. ಖಾಲಿ ಜಾಗವಿದ್ದರೆ 99.9 ಎಂಬಂಥದ್ದು ಬಂದು ಕೂರುತ್ತದೆ. ಹಕ್ಕು ಕೊಡಬೇಕೇ ಎಂದು ತೀರ್ಮಾನಿಸಲು ಅಳತೆ ಬೇಡ. ಕೊಟ್ಟ ಹಕ್ಕು ಆಸ್ಪತ್ರೆಯಲ್ಲಿ, ಠಾಣೆಯಲ್ಲಿ, ಬಾಡಿಗೆ ಮನೆಯ ಬಾಗಿಲಲ್ಲಿ ಎಲ್ಲಿ ನಿಂತುಹೋಗುತ್ತಿದೆ ಎಂದು ಹುಡುಕಲು ಬೇಕೇ ಬೇಕು.

ಡಬ್ಲಿನ್ ಕನ್ನಡಿಗ

ಐರ್ಲೆಂಡಿನಲ್ಲಿ 2015ರ ಮೇ 22ರಂದು ಸಲಿಂಗ ವಿವಾಹದ ವಿಷಯಕ್ಕೆ ನಿಜವಾಗಿಯೂ ಜನಮತಗಣನೆ ನಡೆದು, ಶೇ 62ರಷ್ಟು ಮತ ಪರವಾಗಿ ಬಿತ್ತು. ಅದಕ್ಕೂ ಹಿಂದಿನ ಸಮೀಕ್ಷೆಗಳು ಅದಕ್ಕಿಂತ ಹೆಚ್ಚಿನ ಬೆಂಬಲ ತೋರಿಸಿದ್ದವು. ತೈವಾನಿನಲ್ಲಿ 2018ರ ಜನಮತಗಣನೆಯಲ್ಲಿ ಸುಮಾರು ಮೂರನೇ ಎರಡು ಭಾಗ ಮತದಾರರು ವಿರುದ್ಧವಾಗಿದ್ದರೂ, ಸಾಂವಿಧಾನಿಕ ನ್ಯಾಯಾಲಯದ ಆದೇಶದಂತೆ 2019ರ ಮೇ ತಿಂಗಳಲ್ಲಿ ಕಾನೂನು ಬಂತು, ನಂತರದ ವರ್ಷಗಳ ಸರ್ಕಾರಿ ಸಮೀಕ್ಷೆಗಳಲ್ಲಿ ಬೆಂಬಲ ಅರ್ಧ ದಾಟಿತು. ಮನಸ್ಸು ಮೊದಲೋ ಕಾನೂನು ಮೊದಲೋ ಎಂಬುದಕ್ಕೆ ಈ ಎರಡು ದೇಶಗಳು ಬೇರೆ ಬೇರೆ ಉತ್ತರ ಕೊಡುತ್ತವೆ. ಮೇಷ್ಟ್ರು ಮೊದಲು ಹೇಳಿದ 15ರಿಂದ 37ರ ಏರಿಕೆಯ ನಡುವೆಯೂ 2018ರ ತೀರ್ಪು ಇದೆ.

ಅಂಕಿಗಾರ

ಇದೆ, ಆದರೆ ತೀರ್ಪಿನಿಂದಲೇ ಏರಿತು ಎನ್ನಲು ಎರಡೇ ಚುಕ್ಕೆಗಳು ಸಾಲವು. ಆ ಐದು ವರ್ಷಗಳಲ್ಲಿ ಅಗ್ಗದ ಮೊಬೈಲ್ ಇಂಟರ್ನೆಟ್ಟೂ ಹಳ್ಳಿ ಹಳ್ಳಿಗೆ ಬಂತು.

ಸಭ್ಯತೆಗಾಗಿ ಹೇಳುವ ಸುಳ್ಳಿನ ವಿಷಯಕ್ಕೆ ಮರಳುತ್ತೇನೆ, ಅದಕ್ಕೊಂದು ಉಪಾಯವಿದೆ. ಉತ್ತರಿಸುವವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಿ. ಒಂದು ಗುಂಪಿಗೆ ನಾಲ್ಕು ಸಾಮಾನ್ಯ ಹೇಳಿಕೆಗಳನ್ನು ಓದಿ, ಇವುಗಳಲ್ಲಿ ಎಷ್ಟು ನಿಮಗೆ ಒಪ್ಪಿಗೆ ಎಂದು ಮಾತ್ರ ಕೇಳಿ, ಯಾವುವು ಎಂದು ಕೇಳಬೇಡಿ. ಇನ್ನೊಂದು ಗುಂಪಿಗೆ ಅದೇ ನಾಲ್ಕರ ಜೊತೆ "ಸಲಿಂಗಿಗಳಿಗೆ ನಾನು ಮನೆ ಬಾಡಿಗೆಗೆ ಕೊಡುವುದಿಲ್ಲ" ಎಂಬ ಐದನೆಯದನ್ನು ಸೇರಿಸಿ ಓದಿ. ಮೊದಲ ಗುಂಪಿನ ಸರಾಸರಿ 2.1, ಎರಡನೆಯದರದು 2.5 ಬಂತು ಎನ್ನಿ, ಆ 0.4ರ ವ್ಯತ್ಯಾಸವೆಂದರೆ ಶೇ 40ರಷ್ಟು ಜನ ಕೊಡುವುದಿಲ್ಲ ಎಂದರ್ಥ. ಯಾವ ವ್ಯಕ್ತಿ ಏನು ಹೇಳಿದ ಎಂಬುದು ಕೇಳಿದವರಿಗೂ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಕ್ಯಾಥರಿನ್ ಕಾಫ್‌ಮನ್, ಲೂಕಸ್ ಕಾಫ್‌ಮನ್, ಕೀತ್ ಎರಿಕ್ಸನ್ ಎಂಬವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೆ ಮರೆಯಲ್ಲಿ ಕೇಳಿದಾಗ, ಸಲಿಂಗಿ ಮೇಲಧಿಕಾರಿಯ ಬಗ್ಗೆ ಅಸಮ್ಮತಿ ಸೂಚಿಸಿದವರ ಪ್ರಮಾಣ ನೇರವಾಗಿ ಕೇಳಿದಾಗಿನದಕ್ಕಿಂತ ಶೇ 67ರಷ್ಟು ಹೆಚ್ಚಿತ್ತು. ಸ್ವಾರಸ್ಯವೆಂದರೆ, ತಾವು ಭಿನ್ನಲಿಂಗಿಗಳಲ್ಲ, ಅಂದರೆ ವಿರುದ್ಧ ಲಿಂಗದವರತ್ತ ಮಾತ್ರ ಆಕರ್ಷಿತರಾಗುವವರಲ್ಲ, ಎಂದು ಒಪ್ಪಿಕೊಂಡವರ ಪ್ರಮಾಣವೂ ಶೇ 65ರಷ್ಟು ಹೆಚ್ಚಾಯಿತು. ಉತ್ತರಿಸಿದವರು ಅಂತರ್ಜಾಲದಲ್ಲಿ ತಾವಾಗಿ ಬಂದವರಾದ್ದರಿಂದ ಇಡೀ ಅಮೆರಿಕಕ್ಕೆ ಈ ಸಂಖ್ಯೆಗಳನ್ನು ಹಚ್ಚುವಂತಿಲ್ಲ. ಆದರೆ ದ್ವೇಷವೂ ಗುರುತೂ ಎರಡೂ ನೇರ ಪ್ರಶ್ನೆಯಿಂದ ತಪ್ಪಿಸಿಕೊಳ್ಳುತ್ತವೆ ಎಂಬುದು ಅದರಿಂದ ಗೊತ್ತಾಯಿತು.

ಗಣತಿ ಅಕ್ಕ

ಕಾಗದದ ಮೇಲೆ ಚೆನ್ನಾಗಿದೆ. ಹಳ್ಳಿಯಲ್ಲಿ ಹೇಳಿಕೆ ಓದುತ್ತಿದ್ದಂತೆಯೇ "ಹೌದ್ರಿ, ಇಲ್ರಿ, ಹೌದ್ರಿ" ಎಂದು ಒಂದೊಂದಕ್ಕೂ ಜೋರಾಗಿ ಉತ್ತರ ಹೇಳಿಬಿಡುತ್ತಾರೆ, ನಿಮ್ಮ ಮರೆ ಅಲ್ಲಿಗೇ ಹರಿಯಿತು. ಇದಕ್ಕೆ ಹುಣಸೆ ಬೀಜ ಬಳಸಬೇಕು. ಉತ್ತರಿಸುವವರ ಎಡಗೈಯಲ್ಲಿ ಐದು ಬೀಜ ಕೊಟ್ಟು, ಒಪ್ಪಿಗೆಯಾದಾಗಲೆಲ್ಲ ಸೆರಗಿನ ಮರೆಯಲ್ಲಿ ಒಂದನ್ನು ಬಲಗೈಗೆ ಸಾಗಿಸಿಕೊಳ್ಳಲು ಹೇಳಬೇಕು. ಕೊನೆಯಲ್ಲಿ ಬಲಗೈ ತೆರೆದು ಎಣಿಸಿದರಾಯಿತು. ಮೊದಲು ಚಹಾ, ಸಿನಿಮಾ, ಮಳೆ ಇಂಥ ವಿಷಯಗಳಲ್ಲಿ ಒಂದು ಸುತ್ತು ಆಟದಂತೆ ಆಡಿಸಿ ರೂಢಿ ಮಾಡಿಸಬೇಕು.

ಅಂಕಿಗಾರ

ಅಕ್ಕನವರೇ, ಇದನ್ನು ನೀವೇ ಒಂದು ಪ್ರಬಂಧವಾಗಿ ಬರೆಯಬೇಕು. ಮೇಷ್ಟ್ರಿಗೆ ಒಂದೇ ಮಾತು: ಈ ವಿಧಾನಕ್ಕೆ ದೊಡ್ಡ ಮಾದರಿ ಬೇಕು. ಇನ್ನೂರು ಜನರಲ್ಲಿ ಮಾಡಿದರೆ ಬರುವ ವ್ಯತ್ಯಾಸ ಆಕಸ್ಮಿಕವೋ ನಿಜವೋ ತಿಳಿಯುವುದಿಲ್ಲ.

ಮೈಸೂರಿನ ಮನೋವೈದ್ಯೆ

ಸಂಖ್ಯೆಗಳ ಉತ್ಸಾಹದಲ್ಲಿ ಒಂದು ಪ್ರಸಂಗ ನೆನಪಿರಲಿ. ಸಲಿಂಗಿಯೊಬ್ಬರು ಮನೆಬಾಗಿಲಿಗೆ ಬಂದು ಸ್ವಲ್ಪ ಹೊತ್ತು ಮಾತಾಡಿದರೆ ವಿರೋಧಿಗಳ ಮನಸ್ಸು ಬಹುಕಾಲ ಬದಲಾಗುತ್ತದೆ ಎಂಬ ಅಧ್ಯಯನವೊಂದು 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಗಿ ಜಗತ್ತೇ ಕೊಂಡಾಡಿತು. ಅದರ ದತ್ತಾಂಶವೇ ನಂಬಲರ್ಹವಲ್ಲ ಎಂದು ತಿಳಿದು 2015ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಲೋಪ ಬಯಲಿಗೆಳೆದವರಲ್ಲಿದ್ದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲಾ ಮಯಾಮಿಯಲ್ಲಿ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಬಗೆಗಿನ ಧೋರಣೆಯ ಮೇಲೆ ಪ್ರಾಮಾಣಿಕವಾಗಿ ಪ್ರಯೋಗ ಮಾಡಿ, ಸುಮಾರು ಹತ್ತು ನಿಮಿಷದ ಮಾತುಕತೆಯ ಪರಿಣಾಮ ಮೂರು ತಿಂಗಳಾದರೂ ಉಳಿದಿತ್ತು ಎಂದು 2016ರಲ್ಲಿ ಪ್ರಕಟಿಸಿದರು. ಕೇಳಲು ಇಂಪಾಗಿರುವ ಫಲಿತಾಂಶವನ್ನೇ ಹೆಚ್ಚು ಅನುಮಾನಿಸಬೇಕು.

ಹೆಸರು ಬೇಡ

ಇಷ್ಟನ್ನೂ ಓದಿದೆ. ನಾನು ನಿಮ್ಮ ಅಳತೆಗೋಲಿನ ಇನ್ನೊಂದು ತುದಿಯಲ್ಲಿ ಇರುವವನು, ಹಾಗಾಗಿ ಮೂರು ಮಾತು ಹೇಳುತ್ತೇನೆ.

ನೀವು ಹೋಗುವ ಮನೆಗಳಲ್ಲಿ ಉತ್ತರಿಸುವವರೆಲ್ಲ "ಅವರು", ಕೇಳುವ ವಿಷಯ "ಇವರು" ಎಂದು ಎಲ್ಲರೂ ಭಾವಿಸಿದ್ದೀರಿ. ಆ ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತ ಹುಡುಗ ನಾನಾಗಿರಬಹುದು. ಸಲಿಂಗಿ ಮಗ ಹುಟ್ಟಿದರೆ ಏನು ಮಾಡುತ್ತೀರಿ ಎಂದು ನನ್ನ ಅಪ್ಪನನ್ನು ನೀವು ನನ್ನೆದುರೇ ಕೇಳಿ, ಅವರು ಕೊಟ್ಟ ಉತ್ತರವನ್ನು ತುಂಬಿಕೊಂಡು ಎದ್ದು ಹೋಗುತ್ತೀರಿ. ನಾನು ಆ ಉತ್ತರದೊಂದಿಗೆ ಅದೇ ಮನೆಯಲ್ಲಿ ಇರಬೇಕು. ಮನೆಯ ಇತರರು ಕೇಳಿಸಿಕೊಳ್ಳುವ ಹಾಗಿದ್ದರೆ ಆ ಮೆಟ್ಟಿಲನ್ನು ಬಿಟ್ಟುಬಿಡಿ.

ಎರಡನೆಯದು ಎಣಿಕೆಯ ವಿಚಾರ. 2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಬಿಟ್ಟು "ಇತರೆ" ಎಂದು ದಾಖಲಾದವರು ದೇಶದಲ್ಲಿ ಸುಮಾರು 4.88 ಲಕ್ಷ, ಕರ್ನಾಟಕದಲ್ಲಿ 20,266. ಗಣತಿದಾರರಿಗೆ ಉತ್ತರ ಹೇಳುವವರು ಬಹುತೇಕ ಮನೆಯ ಯಜಮಾನರು. ಮನೆಯಿಂದ ಹೊರಹಾಕಿದ ಮಗುವನ್ನು ಆ ಯಜಮಾನ ಯಾವ ಕಾಲಂನಲ್ಲಿ ಬರೆಸಿಯಾನು? ನನ್ನ ದೃಷ್ಟಿಯಲ್ಲಿ ಆ 20,266 ಎಂಬುದು ಟ್ರಾನ್ಸ್‌ಜೆಂಡರ್ ಜನರ ಸಂಖ್ಯೆ ಎನ್ನುವುದಕ್ಕಿಂತ ಕುಟುಂಬಗಳ ಧೋರಣೆಯ ಸಂಖ್ಯೆ. ನನ್ನಂಥವರ ಎಣಿಕೆಗಂತೂ ಅಲ್ಲಿ ಕಾಲಂ ಕೂಡ ಇಲ್ಲ.

ಮೂರನೆಯದು. ಬಾಡಿಗೆ ಕೊಡುತ್ತೀರಾ ಎಂದು ಕೇಳಿದರೆ ಬೆಂಗಳೂರಿನ ಓದಿದ ಮನೆಮಾಲೀಕರು ಧಾರಾಳವಾಗಿ ಹೌದು ಎನ್ನುತ್ತಾರೆ. ನನಗೂ ನನ್ನ ಸಂಗಾತಿಗೂ ಮನೆ ತೋರಿಸಿ, ಮುಂಗಡದ ಮಾತೂ ಮುಗಿದು, ನಾವು ಯಾರೆಂದು ತಿಳಿದ ಮೇಲೆ "ಊರಿಂದ ನಮ್ಮ ತಮ್ಮ ಬರುತ್ತಿದ್ದಾನೆ" ಎಂದವರೂ ಅಂಥ ಹೌದು ಎನ್ನುವವರೇ. ನಿಮ್ಮ ಪ್ರಶ್ನಾವಳಿಯ ಜೊತೆಗೆ, ಖಾಲಿ ಮನೆಯ ಫಲಕ ಕಂಡಲ್ಲಿ ಒಮ್ಮೆ ಗಂಡಹೆಂಡತಿ ಎಂದೂ ಇನ್ನೊಮ್ಮೆ ನಮ್ಮಂಥ ಜೋಡಿ ಎಂದೂ ಫೋನ್ ಮಾಡಿ ಕೇಳಿ ನೋಡಿ. ಬಾಯಿಮಾತಿಗೂ ಬೀಗದ ಕೈಗೂ ಇರುವ ದೂರ ತಿಳಿಯುತ್ತದೆ.

ಹೇಮಾವತಿ ತೀರದವ

ಹೆಸರು ಬೇಡ ಎಂದವರೇ, ನಿಮ್ಮ ಮೊದಲನೆಯ ಮಾತಿಗೆ ನನ್ನಲ್ಲಿ ಎದುರುಮಾತಿಲ್ಲ. ನನ್ನ ಅಭಿಪ್ರಾಯ ಬೇರೆಯೇ, ಆದರೂ ಮೇಷ್ಟ್ರಿಗೆ ಒಂದು ಪ್ರಶ್ನೆ ಸೂಚಿಸುತ್ತೇನೆ. ಪ್ರತಿ ಮೆಟ್ಟಿಲಿನಲ್ಲೂ "ನೀವು ಏನು ಮಾಡುತ್ತೀರಿ" ಎಂದು ಕೇಳಿದ ಮೇಲೆ, "ನಿಮ್ಮೂರಿನಲ್ಲಿ ಹತ್ತು ಜನರಲ್ಲಿ ಎಷ್ಟು ಜನ ಹಾಗೆಯೇ ಮಾಡುತ್ತಾರೆ" ಎಂದೂ ಕೇಳಿ. ನಮ್ಮ ಕಡೆ ಅರ್ಧ ಜನ ತಮಗೆ ತೊಂದರೆಯಿಲ್ಲ, ಊರಿನವರು ಒಪ್ಪುವುದಿಲ್ಲ ಎಂದೇ ಹೇಳುವುದು. ಆ ಊರಿನವರು ಯಾರು ಎಂದು ಹುಡುಕಿದರೆ ಸಿಗುವುದಿಲ್ಲ.

ಅಂಕಿಗಾರ

ಕ್ಷೌರದಂಗಡಿಯ ಮಾದರಿಯಿಂದ ಇಷ್ಟು ಒಳ್ಳೆಯ ಪ್ರಶ್ನೆ ಬರುತ್ತದೆಂದು ನಾನು ಊಹಿಸಿರಲಿಲ್ಲ. ಜನ ತಮ್ಮ ಬಗ್ಗೆ ಹೇಳುವುದಕ್ಕೂ ಊರಿನ ಬಗ್ಗೆ ಅಂದಾಜಿಸುವುದಕ್ಕೂ ಇರುವ ಅಂತರವನ್ನು ಅಳೆಯುವುದು ಸಮೀಕ್ಷಾಶಾಸ್ತ್ರದಲ್ಲಿ ಈಗ ದೊಡ್ಡ ವಿಷಯವೇ.

ಧಾರವಾಡದ ಮೇಷ್ಟ್ರು

ಎಲ್ಲರಿಗೂ ಋಣಿ. ವಿದ್ಯಾರ್ಥಿನಿಯೊಂದಿಗೆ ಕೂತು ಈ ಚರ್ಚೆಯನ್ನು ಓದಿದೆ. ಮೊದಲ ಪ್ರಶ್ನೆಯನ್ನು ತೆಗೆದಿದ್ದಾಳೆ. ತಿಳಿವಳಿಕೆಯ ಪ್ರಶ್ನೆಗಳು ಕಾನೂನು ಮತ್ತು ವೈದ್ಯಕೀಯಕ್ಕೆ ಸೀಮಿತವಾಗಿರುತ್ತವೆ. ಮೆಟ್ಟಿಲುಗಳಲ್ಲಿ ಸ್ವಂತ ಮಕ್ಕಳ ಪ್ರಶ್ನೆ ಕೇವಲ ಒಂಟಿಯಾಗಿ ಸಿಕ್ಕವರಿಗೆ, ಅದೂ ಅವರೇ ಗುರುತು ಹಾಕಿ ಲಕೋಟೆಗೆ ಹಾಕುವಂತೆ. ಊರಿನವರ ಅಂದಾಜಿನ ಪ್ರಶ್ನೆ ಸೇರಿದೆ. ಬೀಜದ ಆಟಕ್ಕೆ ನಮ್ಮ ಮಾದರಿ ಸಾಲದು, ಕೈಬಿಟ್ಟಿದ್ದೇವೆ. ಫೋನ್ ಮಾಡುವ ಪ್ರಯೋಗಕ್ಕೆ ವಿಭಾಗದ ನೀತಿ ಸಮಿತಿ ಒಪ್ಪುವುದು ಅನುಮಾನ, ಏಕೆಂದರೆ ಮನೆಮಾಲೀಕರ ಒಪ್ಪಿಗೆ ಪಡೆಯದೆ ಅವರನ್ನು ಪರೀಕ್ಷಿಸಿದಂತಾಗುತ್ತದೆ. ಕ್ಷೇತ್ರಕಾರ್ಯವನ್ನು ಜನವರಿಯಲ್ಲಿ ಇಟ್ಟುಕೊಂಡಿದ್ದೇವೆ.

ಹೆಸರು ಬೇಡ

ಮನೆಮಾಲೀಕರ ಒಪ್ಪಿಗೆಯ ಬಗ್ಗೆ ಸಮಿತಿಗೆ ಇಷ್ಟು ಕಾಳಜಿ ಇರುವುದು ಸಂತೋಷ. ಆದರೂ ಅರ್ಜಿ ಹಾಕಿ ನೋಡಿ, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ.

ಸವದತ್ತಿ ಸೀಮೆ

ಮೇಷ್ಟ್ರೇ, ಜನವರಿ ಬೇಡ. ಬನದ ಹುಣ್ಣಿಮೆ ಅದೇ ಹೊತ್ತಿಗೆ ಬರುತ್ತದೆ, ನಿಮ್ಮ ಪಟ್ಟಿಯ ಅರ್ಧ ಊರು ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೋಗಿರುತ್ತದೆ. ಉಳಿದವರು ಜೋಗಪ್ಪನವರ ಬಗ್ಗೆ ಆ ವಾರ ಹೇಳುವ ಉತ್ತರವನ್ನು ಅದರ ಮುಂದಿನ ಭಾರತ ಹುಣ್ಣಿಮೆ ಕಳೆದು ತಿಂಗಳಾದ ಮೇಲೆ ಹೇಳುವುದಿಲ್ಲ. ಮಾರ್ಚ್ ಕೊನೆಗೆ ಇಟ್ಟುಕೊಳ್ಳಿ, ಇಲ್ಲವೇ ಎರಡೂ ಸಲ ಕೇಳಿ.

ಗಣತಿ ಅಕ್ಕ

ಎರಡೂ ಸಲ ಕೇಳುವುದಾದರೆ ಎರಡನೆಯ ಸಲಕ್ಕೂ ಅದೇ ಹುಡುಗಿಯನ್ನೇ ಕಳಿಸಿ. ಕೇಳುವವರು ಬದಲಾದರೆ ಬದಲಾದದ್ದು ಉತ್ತರವೋ ಮುಖವೋ ಎಂದು ಮತ್ತೆ ಇಲ್ಲಿಗೇ ಬಂದು ಕೇಳಬೇಕಾಗುತ್ತದೆ.